ಮುಳುಗಡೆ ಊರುಗಳ ಮನೆತನಗಳ ಇತಿಹಾಸ: ನಾವೇ ನಡೆಸುವ ತಾಣದಲ್ಲಿ ಮೊದಲು ವಂಶವೃಕ್ಷವೋ, ಮನೆಯೋ?

ಹಿನ್ನೀರಿನವನು, ಸಾಗರ:

ಎಲ್ಲರಿಗೂ ನಮಸ್ಕಾರ. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡ ಮನೆತನಗಳ ವಿವರ ಕೂಡಿಡಲು ನಾವು ಕೆಲವರು ಸೇರಿ ಒಂದು ಜಾಲತಾಣ ನಡೆಸುತ್ತಿದ್ದೇವೆ. ಸಂಬಳ ಇಲ್ಲ, ಸಂಸ್ಥೆ ಇಲ್ಲ. ಒಬ್ಬರು ಶಾಲಾ ಶಿಕ್ಷಕಿ, ಒಬ್ಬರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾನು ಅಡಿಕೆ ತೋಟದವನು.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. ಮಡೆನೂರಿನಲ್ಲಿ 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ. ಇದು ತುಂಬಿದಾಗ ಹಳೆಯ ಅಣೆಕಟ್ಟೇ ನೀರಿನಡಿ ಹೋಯಿತು. ಸಾಗರ, ಹೊಸನಗರ ತಾಲೂಕಿನ ಎಷ್ಟೋ ಊರುಗಳ ಜನ ಗಂಟುಮೂಟೆ ಕಟ್ಟಿ ಜಿಲ್ಲೆಯ ಬೇರೆ ಬೇರೆ ಕಡೆ, ಹೆಚ್ಚಾಗಿ ಕಾಡಿನಂಚಿಗೆ ಹೋಗಿ ಕೂತರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಆ ಜಾಗಗಳ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ.

ನಮ್ಮ ತಂಡದಲ್ಲೇ ಎರಡು ಅಭಿಪ್ರಾಯ ಇದೆ. ವಂಶವೃಕ್ಷ ಬರೆಯೋಣ, ಜನ ಅದನ್ನೇ ಕೇಳೋದು ಅಂತ ಕೆಲವರು. ನನ್ನ ವಾದ ಬೇರೆ. ಊರು, ಊರಿನೊಳಗೆ ಕೇರಿ, ಕೇರಿಯೊಳಗೆ ಮನೆ, ಮನೆಯೊಳಗೆ ಜನ. ಮೊದಲು ಮನೆಗೊಂದು ಪುಟ ಇರಬೇಕು. ಹೆಸರುಗಳು ಆ ಪುಟಕ್ಕೆ ಬಂದು ಸೇರಬೇಕು.

ಯಾಕೆ ಅಂತ ಹೇಳುತ್ತೇನೆ. ಒಬ್ಬ ಅಜ್ಜಿಯ ಹತ್ತಿರ ಕೂತು ಅವರ ಮುತ್ತಜ್ಜನ ಹೆಸರು ಕೇಳಿದೆವು. ಗೊತ್ತಿಲ್ಲ ಅಂದರು. ಅಜ್ಜನ ಅಣ್ಣತಮ್ಮಂದಿರು ಎಷ್ಟು ಜನ ಅಂದೆವು, ಅದೂ ಸರಿಯಾಗಿ ಬರಲಿಲ್ಲ. ಆಮೇಲೆ ನಮ್ಮ ಶಿಕ್ಷಕಿ ಬೇರೆ ಥರ ಕೇಳಿದರು: 'ಅಮ್ಮಾ, ಹೊಳೆಯಿಂದ ನೀರು ಹೊತ್ತುಕೊಂಡು ಮನೆಗೆ ಬರ್ತೀರಲ್ಲ, ದಾರಿಯಲ್ಲಿ ಯಾರ ಯಾರ ಮನೆ ಸಿಗ್ತಿತ್ತು?' ಅಜ್ಜಿ ಕಣ್ಣು ಮುಚ್ಚಿ ಹೊರಟೇಬಿಟ್ಟರು. ಕೆಳಗಿನಮನೆ, ಅಲ್ಲಿ ಇಬ್ಬರು ಅಕ್ಕತಂಗಿಯರು, ಒಬ್ಬಳನ್ನು ಇಂಥ ಊರಿಗೆ ಕೊಟ್ಟಿದ್ದು. ಪಕ್ಕದಲ್ಲಿ ಹೊಸಮನೆ, ಆ ಮನೆಯ ಯಜಮಾನ ಮೊದಲು ಮೇಲಿನಮನೆಯವನೇ, ಪಾಲಾದ ಮೇಲೆ ಇಲ್ಲಿ ಕಟ್ಟಿದ್ದು. ಆಚೆ ದಣಪೆ ದಾಟಿದರೆ ಅಂಗಡಿಮನೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕೇರಿ ನಮ್ಮ ನೋಟ್ ಪುಸ್ತಕದಲ್ಲಿತ್ತು. ಮರದ ಚಿತ್ರ ಇಟ್ಟುಕೊಂಡು ಖಾಲಿ ಚೌಕ ತುಂಬಿಸಲು ಹೋಗಿದ್ದರೆ ಇದರಲ್ಲಿ ಕಾಲುಭಾಗವೂ ಸಿಗುತ್ತಿರಲಿಲ್ಲ.

ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ. ಬದುಕಿರುವವರ ಹೆಸರು ಹಾಕುವುದು, ಜಗಳ, ಖರ್ಚು, ಮುಂದೆ ನಡೆಸುವವರು ಯಾರು, ಎಲ್ಲದರ ಬಗ್ಗೆಯೂ ಕೇಳುವುದಿದೆ.

ಧಾರವಾಡ ಮೇಷ್ಟ್ರು:

ಒಳ್ಳೆ ಕೆಲಸ. ನಿಮ್ಮ ವಾದ ಅರ್ಧ ಒಪ್ಪುತ್ತೇನೆ. ನಮ್ಮ ಕಡೆ ಹೆಳವರು ಇದ್ದಾರಲ್ಲ, ಅವರನ್ನು ನೋಡಿ. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಆ ಮನೆತನದ ತಲೆಮಾರುಗಳನ್ನು ಒಂದೇ ಸಮನೆ ಹೇಳುತ್ತಾರೆ. ಮೂಲ ಊರು ಯಾವುದು, ಎಲ್ಲಿಂದ ಎಲ್ಲಿಗೆ ಬಂದರು, ಮನೆದೇವರು ಯಾವುದು, ಬೆಡಗು (ಕುಲದ ಒಳಪಂಗಡ) ಯಾವುದು, ಎಲ್ಲ ಬರುತ್ತದೆ. ಕಾಳುಕಡಿ, ಬಟ್ಟೆ ಕೊಡುತ್ತಾರೆ, ಉಳ್ಳವರು ದನವನ್ನೂ ಕೊಡುತ್ತಿದ್ದರು. ಹಿಂದೆ ತಾಮ್ರಪಟ, ಈಗ ದಪ್ಪ ದಪ್ಪ ಪುಸ್ತಕ. ಪ್ರತಿಯೊಬ್ಬ ಹೆಳವರಿಗೂ ಅವರವರ ಊರು, ಅವರವರ ಮನೆ ಅಂತ ಹಂಚಿಕೆ ಇರುತ್ತದೆ. ಅವರೂ ಊರು ಮತ್ತು ಮನೆ ಹಿಡಿದೇ ವಂಶ ಹೇಳುವುದು. ಆದರೆ ಅವರ ಬಾಯಲ್ಲಿ ವಂಶವೂ ಪೂರ್ತಿ ಇರುತ್ತದೆ. ಎರಡನ್ನೂ ಬಿಡಬೇಡಿ.

ಇನ್ನೊಂದು ಮಾತು. ನಮ್ಮ ಕಡೆ ಯಾರಾದರೂ ಈ ಕೆಲಸಕ್ಕೆ ಇಳಿದರೆ ಹೆಳವರ ಹತ್ತಿರ ಹೋಗಿ ಫೋಟೋ ಹೊಡೆದುಕೊಂಡು ಬಂದು ತಾಣಕ್ಕೆ ಹಾಕಬೇಡಿ. ಆ ಪುಸ್ತಕ ಅವರ ಹೊಟ್ಟೆಪಾಡು. ಅವರನ್ನು ಕರೆದು, ಗೌರವದಿಂದ ಕೂರಿಸಿ, ಕೊಡಬೇಕಾದ್ದು ಕೊಟ್ಟು, ಅವರು ಒಪ್ಪಿದಷ್ಟನ್ನು ಮಾತ್ರ ಬರೆದುಕೊಳ್ಳಿ. ಕೆಳಗೆ 'ಇಂಥ ಊರಿನ ಹೆಳವರು ಹೇಳಿದ್ದು' ಅಂತ ಹಾಕಿ.

ಬೇರೆ ಜಿಲ್ಲೆಯವರು ಓದುತ್ತಿದ್ದರೆ ಕಾಗದ ಎಲ್ಲಿ ಹುಡುಕಬೇಕು ಅನ್ನುವುದು 1956ಕ್ಕೆ ಮೊದಲು ನಿಮ್ಮ ಊರು ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರು ಮುಂಬೈ ಪತ್ರಾಗಾರದ ಕಡೆ ನೋಡಬೇಕು. ಉತ್ತರ ಕನ್ನಡ 1862ರವರೆಗೆ ಮದ್ರಾಸಿನಲ್ಲಿತ್ತು, ಅದಕ್ಕೂ ಹಿಂದಿನದು ಬೇಕಾದರೆ ಚೆನ್ನೈ. ದಕ್ಷಿಣ ಕನ್ನಡ, ಬಳ್ಳಾರಿಯವರಿಗೂ ಚೆನ್ನೈ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್. ನಮ್ಮ ಕಡೆ ಹಳೆ ದಫ್ತರ ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿರುತ್ತದೆ, ಓದುವವರನ್ನು ಮೊದಲು ಹುಡುಕಿಟ್ಟುಕೊಳ್ಳಿ. ನೀವು ಹಳೆ ಮೈಸೂರಿನವರು, ನಿಮಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವೇ ಹತ್ತಿರ.

ಕರಾವಳಿಯ ಅಕ್ಕ:

ವಂಶವೃಕ್ಷದ ಸಾಫ್ಟ್‌ವೇರ್ ಬಗ್ಗೆ ನಂದೂ ಒಂದು ತಕರಾರು ಉಂಟು. ನಮ್ಮಲ್ಲಿ ಅಳಿಯಸಂತಾನ. ಕುಟುಂಬ ಅಂದರೆ ಅಮ್ಮ, ಅಮ್ಮನ ಅಮ್ಮ, ಮಾವಂದಿರು. ಬರಿ, ಅಂದರೆ ಗೋತ್ರದ ಹಾಗಿನ ಬಳಿ, ಬರುವುದು ತಾಯಿಯಿಂದ. ಕುಟುಂಬದ ಮನೆಯಲ್ಲಿ ದೈವದ ಕೆಲಸ ಆಗುವಾಗ ಯಾರೆಲ್ಲ ಸೇರುತ್ತಾರೋ ಅವರೇ ನಮ್ಮ ಕುಟುಂಬ. ಸಾಫ್ಟ್‌ವೇರ್ ಮಾತ್ರ ತಂದೆಯ ಹೆಸರನ್ನು ಹಿಡಿದು ಮಕ್ಕಳಿಗೆಲ್ಲ ಅದನ್ನೇ ಅಂಟಿಸುತ್ತದೆ. ಹಾಗೆ ಹಾಕಿದರೆ ಒಂದೇ ಮನೆಯ ಜನ ಹತ್ತು ಕಡೆ ಚೆಲ್ಲಿಹೋಗುತ್ತಾರೆ ಮಾರಾಯ್ರೇ.

ಹಾಗಾಗಿ ಮನೆಯಿಂದ ಶುರು ಮಾಡುವ ಲೆಕ್ಕ ನಮಗೆ ತುಂಬಾ ಸರಿ ಹೊಂದುತ್ತದೆ. ಯಾರ ಮಗ ಅನ್ನುವ ಪ್ರಶ್ನೆಗಿಂತ ಯಾವ ಮನೆಯವನು ಅನ್ನುವ ಪ್ರಶ್ನೆ ಎಲ್ಲರಿಗೂ ಆಗುತ್ತದೆ. ನೀವು ಹೆಣ್ಣುಮಕ್ಕಳ ಹೆಸರನ್ನು ಏನು ಮಾಡುತ್ತಿದ್ದೀರಿ? ಘಟ್ಟದ ಮೇಲಿನ ವಂಶವೃಕ್ಷಗಳನ್ನು ನಾನು ನೋಡಿದ್ದೇನೆ. ಐದು ತಲೆಮಾರು ಗಂಡಸರೇ ಹೆತ್ತ ಹಾಗೆ ಇರುತ್ತದೆ.

ಕೊಡಗಿನಿಂದ:

ಅಕ್ಕ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಒಕ್ಕದ (ಮನೆತನದ) ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಒಕ್ಕಕ್ಕೊಂದು ಮೂಲಮನೆ, ಅದೇ ಐನ್‌ಮನೆ. ಈಗ ಯಾರೂ ವಾಸ ಇಲ್ಲದಿದ್ದರೂ ಕಾರ್ಯಕ್ಕೆ ಎಲ್ಲರೂ ಅಲ್ಲಿಗೇ ಬರುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನೋಡಿ, 2024ರಲ್ಲಿ 360 ಒಕ್ಕಗಳ ತಂಡಗಳು ಆಡಿದವು. ತಂಡ ಕಟ್ಟಬೇಕಾದರೆ ಯಾರು ನಮ್ಮ ಒಕ್ಕದವರು ಅಂತ ಹುಡುಕಲೇಬೇಕು. ಬೆಂಗಳೂರಲ್ಲಿ ಬೆಳೆದ ಹುಡುಗರು ಹಾಕಿ ಆಡಲು ಹೋಗಿ ಅಜ್ಜನ ತಮ್ಮನ ಮಕ್ಕಳನ್ನು ಮೊದಲ ಸಲ ಮಾತಾಡಿಸಿದ್ದು ನಾನು ಕಣ್ಣಾರೆ ನೋಡಿದ್ದೇನೆ. ತಾಣ ಒಂದೇ ಸಾಲದು, ವರ್ಷಕ್ಕೊಮ್ಮೆ ಜನ ಸೇರುವ ನೆಪ ಬೇಕು. ಹೆಸರುಗಳು ಅಲ್ಲಿ ಬರುತ್ತವೆ.

ಹಿನ್ನೀರಿನವನು, ಸಾಗರ:

ಅಕ್ಕಾ, ನಮ್ಮಲ್ಲೂ ಅದೇ ಕಷ್ಟ. ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮನೆಯ ಪುಟದಲ್ಲಿ ಎರಡು ಸಾಲು ಕಡ್ಡಾಯ: ಈ ಮನೆಗೆ ಬಂದ ಹೆಣ್ಣುಮಕ್ಕಳು, ಅವರ ತವರು. ಈ ಮನೆಯಿಂದ ಹೋದ ಹೆಣ್ಣುಮಕ್ಕಳು, ಕೊಟ್ಟ ಊರು. ಇದರಿಂದ ಎಷ್ಟು ಉಪಕಾರ ಆಯಿತು ಅಂದರೆ, ಗಂಡಸರ ಕಡೆ ಕೊಂಡಿ ಕಳಚಿಹೋದ ಎರಡು ಮನೆಗಳು ಸೊಸೆಯ ತವರಿನಿಂದ ಮತ್ತೆ ಕೂಡಿಕೊಂಡವು. ಮದುವೆಯಾದ ಮೇಲೆ ಹೆಸರು ಬದಲಿಸಿದ್ದರೆ ಎರಡು ಹೆಸರನ್ನೂ ಹಾಕುತ್ತೇವೆ.

ವಕೀಲಿ ಕೆಲಸದವಳು, ಶಿವಮೊಗ್ಗ:

ಇಲ್ಲಿ ನಾನು ಸ್ವಲ್ಪ ಎಚ್ಚರಿಕೆ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಜನರಿಗೆ ವಂಶವೃಕ್ಷ ಅಂದರೆ ಮೊದಲು ನೆನಪಾಗುವುದು ನಾಡಕಚೇರಿ. ಪೌತಿ ಖಾತೆ ಮಾಡಿಸಲು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಬೇಕಾಗುವ ದೃಢೀಕರಣ ಪತ್ರ. ಅದು ಆಸ್ತಿಯ ಕಾಗದ. ನಿಮ್ಮ ತಾಣದಲ್ಲಿ ಇರುವುದು ನೆನಪಿನ ದಾಖಲೆ. ಎರಡೂ ಬೇರೆ ಅಂತ ಪ್ರತಿ ಪುಟದಲ್ಲೂ ಕಾಣುವ ಹಾಗೆ ಬರೆಯಿರಿ. ಪಾಲಿನ ದಾವೆಗೆ ನಿಮ್ಮ ಪುಟದ ಪ್ರಿಂಟ್ ಹಿಡಿದುಕೊಂಡು ಬರುವವರು ಬಂದೇ ಬರುತ್ತಾರೆ.

ಹೆಣ್ಣುಮಕ್ಕಳ ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ. ಅಂದಿನಿಂದ 'ಅಕ್ಕತಂಗಿಯರ ಹೆಸರು ಹಾಕಬೇಡಿ' ಅಂತ ಹೇಳುವ ಅಣ್ಣತಮ್ಮಂದಿರು ಜಾಸ್ತಿ ಆಗಿದ್ದಾರೆ. ನಿಮ್ಮ ಹತ್ತಿರ ಯಾರಾದರೂ ಹಾಗೆ ಕೇಳಿಕೊಂಡು ಬಂದರೆ ಒಪ್ಪಬೇಡಿ. ತೀರಿಹೋದ ಮಗಳ ಹೆಸರನ್ನು ಅಳಿಸಿ ಮಗನ ಹೆಸರನ್ನು ಉಳಿಸಿದರೆ ನೀವೂ ಆ ಅನ್ಯಾಯದಲ್ಲಿ ಪಾಲುದಾರರಾದ ಹಾಗೆ.

ಬದುಕಿರುವವರ ಮಾತು ಬೇರೆ. ಅವರ ಹೆಸರು, ಹುಟ್ಟಿದ ದಿನ, ಫೋಟೋ ಯಾವುದೂ ಹೊರಗೆ ಕಾಣಬಾರದು. 'ಬದುಕಿದ್ದಾರೆ' ಅಂತ ಒಂದು ಖಾಲಿ ಚೌಕ ಸಾಕು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನು ಬಂದಿದೆ, ಅದೊಂದು ಕಾರಣ. ಕಾನೂನು ಇಲ್ಲದಿದ್ದರೂ ತಾಯಿಯ ತವರಿನ ಹೆಸರು, ಹುಟ್ಟಿದ ತಾರೀಖು ಒಟ್ಟಿಗೆ ಸಿಕ್ಕಿದರೆ ಮೋಸಗಾರರಿಗೆ ಅಷ್ಟೇ ಸಾಕು, ಅಲ್ವಾ?

ತುಮರಿ ಕಡೆಯವನು:

ಜಾತಿ ಹಾಕುತ್ತೀರಾ? ಇದನ್ನು ಯಾರೂ ಕೇಳಲಿಲ್ಲ.

ಹಿನ್ನೀರಿನವನು, ಸಾಗರ:

ಮನೆಯ ಪುಟದಲ್ಲಿ ಜಾತಿ ಅಂತ ಕಾಲಂ ಇಟ್ಟಿಲ್ಲ. ಆದರೆ ಮುಚ್ಚಿಟ್ಟೂ ಇಲ್ಲ. ದೀವರ ಮನೆಯ ಗೋಡೆಯ ಮೇಲಿನ ಹಸೆ ಚಿತ್ತಾರದ ಫೋಟೋ ಇದ್ದರೆ ಅದು ದೀವರ ಮನೆ ಅಂತ ಹೇಳಲೇಬೇಕು. ಆ ಚಿತ್ತಾರ ಬರೆದ ಕೈ ಅವರದು. ಹವ್ಯಕರು, ಒಕ್ಕಲಿಗರು, ಜೈನರು, ಹಸಲರು ಎಲ್ಲರ ಮನೆಗೂ ಒಂದೇ ಅಳತೆಯ ಪುಟ. ಹುಡುಕುವಾಗ ಜಾತಿ ಹಾಕಿ ಸೋಸುವ ಸೌಲಭ್ಯ ಮಾತ್ರ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ.

ತುಮರಿ ಕಡೆಯವನು:

ಒಂದೇ ಅಳತೆಯ ಪುಟ ಅಂತೀರಿ, ಸಂತೋಷ. ಆದರೆ ಪುಟ ತುಂಬಿಸಲು ಕಾಗದ ಬೇಕಲ್ಲ? ಪರಿಹಾರದ ಪಟ್ಟಿಯಲ್ಲಿ ಹೆಸರಿದ್ದದ್ದು ಜಮೀನಿನ ಖಾತೆ ಇದ್ದವರದ್ದು. ಗೇಣಿದಾರರು, ಕೂಲಿಯವರು ಅದೇ ನೀರಿಗೆ ಮನೆ ಬಿಟ್ಟು ಹೋದರು. ಅವರ ಹೆಸರು ಎಲ್ಲಿ ಹುಡುಕುತ್ತೀರಿ? ನಿಮ್ಮ ತಾಣದಲ್ಲಿ ದೊಡ್ಡ ಮನೆಗಳ ಪುಟ ಉದ್ದ ಇದೆ, ಸಣ್ಣ ಮನೆಗಳದ್ದು ನಾಲ್ಕು ಸಾಲು. ನೋಡಿದೆ ನಾನು.

ಧಾರವಾಡ ಮೇಷ್ಟ್ರು:

ಈ ಇಡೀ ಚರ್ಚೆಯಲ್ಲಿ ಇದೇ ಮುಖ್ಯವಾದ ಪ್ರಶ್ನೆ.

ನಿವೃತ್ತ ಕಂದಾಯ ನೌಕರ:

ಕೆಲವು ದಾರಿಗಳಿವೆ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಗೇಣಿದಾರರ ಕುಟುಂಬಗಳಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಫಾರಂ ನಂಬರ್ 7. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತಲ್ಲ, ಉಳುವವನೇ ಒಡೆಯ ಆಗಲು ಈ ಅರ್ಜಿ ಹಾಕಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಅರ್ಜಿಯಲ್ಲಿ ಗೇಣಿದಾರನ ಹೆಸರು, ತಂದೆಯ ಹೆಸರು, ಸರ್ವೆ ನಂಬರ್, ಎಷ್ಟು ವರ್ಷದಿಂದ ಉಳುತ್ತಿದ್ದಾನೆ ಅನ್ನುವುದೆಲ್ಲ ಸಿಗುತ್ತದೆ. ಭೂ ನ್ಯಾಯಮಂಡಳಿಯ ಕಡತದಲ್ಲಿ ಹೇಳಿಕೆಗಳೂ ಇರುತ್ತವೆ. 'ನಮ್ಮ ಅಪ್ಪನ ಕಾಲದಿಂದ' ಅಂತ ಶುರು ಮಾಡಿ ಮನೆಯ ಕಥೆಯನ್ನೇ ಹೇಳಿರುತ್ತಾರೆ. ಎಷ್ಟೋ ಮನೆತನಗಳಿಗೆ ಸರ್ಕಾರಿ ಕಾಗದದಲ್ಲಿ ಹೆಸರು ಬಂದ ಮೊದಲ ಸಲ ಅದು. ಸಾಗರ ತಾಲೂಕಿನವರಿಗೆ ಇದರ ಬೆಲೆ ನಾನು ಹೇಳಬೇಕಿಲ್ಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ಸರಿಯಾದ ಅಳತೆ ಕೇಳಿ ಎದ್ದು ನಿಂತ ನೆಲ ಅದು.

ಮುಳುಗಿದ ಜಮೀನಿಗೆ 1974ರ ಅರ್ಜಿ ಇರುವುದಿಲ್ಲ, ನಿಜ. ಆದರೆ ಅದೇ ಕುಟುಂಬ ಹೋಗಿ ನೆಲೆಸಿದ ಕಡೆ ಗೇಣಿಗೆ ಮಾಡಿದ್ದರೆ ಅಲ್ಲಿಯ ಕಡತದಲ್ಲಿ ಸಿಗಬಹುದು.

ಎರಡನೆಯದು ಶಾಲೆಯ ದಾಖಲಾತಿ ಪುಸ್ತಕ. ಹಳೆಯ ಸರ್ಕಾರಿ ಶಾಲೆಗಳಲ್ಲಿ ಇನ್ನೂ ಇದೆ. ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಊರು. ಮುಳುಗಡೆ ಊರಿನ ಶಾಲೆ ಮುಚ್ಚಿದ್ದರೂ ಮಕ್ಕಳು ಹೊಸ ಊರಿನ ಶಾಲೆಗೆ ವರ್ಗಾವಣೆ ಪತ್ರ ತಂದಿರುತ್ತಾರೆ. ಜನ್ಮದಿನಾಂಕವನ್ನು ಮಾತ್ರ ನಂಬಬೇಡಿ. ಹಳ್ಳಿಯ ಅರ್ಧ ಮಕ್ಕಳು ಜೂನ್ 1ಕ್ಕೆ ಹುಟ್ಟಿದ ಹಾಗೆ ಇರುತ್ತದೆ. ತಾರೀಖು ಗೊತ್ತಿಲ್ಲದಾಗ ಮೇಷ್ಟ್ರು ಬರೆದುಕೊಂಡದ್ದು ಅದು.

ಭೂಸ್ವಾಧೀನದ ಅವಾರ್ಡ್ (ಪರಿಹಾರದ ಆದೇಶ) ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಎಲ್ಲ ಮುಳುಗಡೆ ಊರುಗಳ ಎಲ್ಲ ದಾಖಲೆ' ಅಂತ ಕೇಳಿದರೆ ತಿರಸ್ಕರಿಸುತ್ತಾರೆ. ಒಂದು ಊರು, ಒಂದು ಅರ್ಜಿ. ನಕಲು ಕೇಳುವುದಕ್ಕಿಂತ ಕಡತ ಪರಿಶೀಲನೆಗೆ ಅವಕಾಶ ಕೇಳುವುದು ವಾಸಿ. ಹೋಗಿ ಕೂತು ನೋಡಿದರೆ ನೀವು ಕೇಳಲು ತಿಳಿಯದೇ ಇದ್ದದ್ದೂ ಕಣ್ಣಿಗೆ ಬೀಳುತ್ತದೆ.

ಲೆಸ್ಟರ್‌ನಿಂದ ಕನ್ನಡಿಗ:

ಇಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಫ್ರೀಬಿಎಂಡಿ ಅಂತ ಒಂದು ಯೋಜನೆ 1998ರಿಂದ ನಡೆಯುತ್ತಿದೆ. ಜನನ, ಮದುವೆ, ಮರಣದ ಹಳೆಯ ಸೂಚಿಗಳನ್ನು ಸ್ವಯಂಸೇವಕರು ಮನೆಯಲ್ಲಿ ಕೂತು ಟೈಪ್ ಮಾಡುತ್ತಾರೆ, ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಬಹುದು. ಅವರ ಮೊದಲ ನಿಯಮ: ಕಂಡದ್ದನ್ನು ಕಂಡ ಹಾಗೇ ಟೈಪ್ ಮಾಡು. ತಪ್ಪು ಕಾಗುಣಿತ ಇದ್ದರೂ ತಿದ್ದಬಾರದು. ನಿಮಗೂ ಇದು ಬೇಕಾಗುತ್ತದೆ. ಪಹಣಿಯಲ್ಲಿ 'ತಿಮ್ಮ' ಅಂತ ಇದ್ದರೆ ಮನೆಯವರು ಎಷ್ಟೇ ಹೇಳಿದರೂ ಆ ದಾಖಲೆಯ ಸಾಲಿನಲ್ಲಿ 'ತಿಮ್ಮಪ್ಪನವರು' ಅಂತ ಬರೆಯಬೇಡಿ. ಮನೆಯವರು ಹೇಳಿದ್ದು ಬೇರೆ ಸಾಲಿಗೆ ಹೋಗಲಿ.

ಇಲ್ಲಿ ನೂರು ವರ್ಷ ಆದ ಮೇಲೆ ಜನಗಣತಿಯ ಹಾಳೆಗಳನ್ನು ತೆರೆಯುತ್ತಾರೆ. 1921ರದ್ದು 2022ರಲ್ಲಿ ಹೊರಬಂತು. ನಮ್ಮ ದೇಶದಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ವಿವರ ಯಾರಿಗೂ ತೋರಿಸುವುದಿಲ್ಲ. ಅಂದರೆ ನಮಗೆ ಆ ಬಾಗಿಲು ಇಲ್ಲ. ಅಜ್ಜಿ ಕಣ್ಣು ಮುಚ್ಚಿ ಹೇಳಿದ ಕೇರಿಯೇ ನಿಮ್ಮ ಜನಗಣತಿ. ಅದಕ್ಕೇ ಅವಸರ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಪತ್ರಾಗಾರ ಮುಂದಿನ ವರ್ಷವೂ ಇರುತ್ತದೆ.

ಕೋಡ್ ಬರೆಯುವವನು, ಬೆಂಗಳೂರು:

ತಾಂತ್ರಿಕ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ಗ್ರಾಂಪ್ಸ್ ಅನ್ನುವುದು ವಂಶವೃಕ್ಷದ ಉಚಿತ ತಂತ್ರಾಂಶ, ಸ್ಥಳದೊಳಗೆ ಸ್ಥಳ ಇಡಲು ಬರುತ್ತದೆ. ಊರು, ಕೇರಿ, ಮನೆ ಅನ್ನುವ ನಿಮ್ಮ ಲೆಕ್ಕಕ್ಕೆ ಸರಿಹೋಗುತ್ತದೆ. ಪ್ರತಿ ಸಂಗತಿಗೂ ಆಧಾರ ಬರೆಯುವ ಜಾಗ ಇದೆ. ಆನ್‌ಲೈನಿನಲ್ಲೇ ಎಲ್ಲರೂ ಸೇರಿ ತುಂಬಿಸಬೇಕು ಅಂದರೆ ವೆಬ್‌ಟ್ರೀಸ್ ಇದೆ, ಬದುಕಿರುವವರನ್ನು ಮರೆಮಾಡುವ ವ್ಯವಸ್ಥೆ ಅದರಲ್ಲೇ ಇದೆ.

ಹಳೆಯ ಲೇಖನ, ಸ್ಮರಣ ಸಂಚಿಕೆ ಯಾರಾದರೂ ಟೈಪ್ ಮಾಡಿದ್ದು ಕೊಟ್ಟರೆ ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆ ಫಾಂಟಿನಲ್ಲಿರುತ್ತದೆ. ಹಾಗೇ ಹಾಕಿದರೆ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಯೂನಿಕೋಡಿಗೆ ಬದಲಿಸಿ, ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು ಇರುವ ಕಡೆ ಎಡವಟ್ಟಾಗುತ್ತದೆ.

ಫೋಟೋ, ಆಡಿಯೋ ವಾಟ್ಸ್ಆ್ಯಪ್‌ನಲ್ಲಿ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತದೆ, ತೆಗೆದ ದಿನಾಂಕವೂ ಹೋಗುತ್ತದೆ.

ಡೊಮೈನ್ ಒಬ್ಬರದೇ ಇಮೇಲ್‌ನಲ್ಲಿ ಇದೆಯಾ? ಹಾಗಿದ್ದರೆ ಇವತ್ತೇ ಸರಿಮಾಡಿ. ಇಬ್ಬರ ಕೈಯಲ್ಲಿ ಕೀಲಿ ಇರಬೇಕು.

ಹಿನ್ನೀರಿನವನು, ಸಾಗರ:

ಎಲ್ಲರಿಗೂ ತುಂಬಾ ಧನ್ಯವಾದ. ತುಮರಿ ಕಡೆಯ ಗೆಳೆಯರು ಹೇಳಿದ್ದು ನಮ್ಮ ತಂಡದಲ್ಲಿ ಎಲ್ಲರೂ ಓದಿದರು. ಇನ್ನು ಮುಂದೆ ಒಂದು ಊರಿಗೆ ಹೋದರೆ ನಾಲ್ಕು ಸಾಲಿನ ಮನೆಗಳಿಂದಲೇ ಶುರು ಮಾಡುತ್ತೇವೆ. ದೊಡ್ಡ ಮನೆಗಳಿಗೆ ಕಾಗದ ಇದೆ, ಅವು ಕಾಯಬಹುದು. ಫಾರಂ 7ರ ಕೆಲಸ ನಮ್ಮ ಅಂಚೆ ಇಲಾಖೆಯ ಹಿರಿಯರು ವಹಿಸಿಕೊಂಡಿದ್ದಾರೆ.

ಪ್ರತಿ ಹೆಸರಿನ ಪಕ್ಕ ಯಾರು ಹೇಳಿದ್ದು ಅಥವಾ ಯಾವ ಕಾಗದ ಅನ್ನುವುದು ಕಡ್ಡಾಯ. ಎರಡು ಮನೆಯವರು ಎರಡು ಥರ ಹೇಳಿದರೆ ಎರಡನ್ನೂ ಹಾಕುತ್ತೇವೆ, ನಾವು ತೀರ್ಪು ಕೊಡುವುದಿಲ್ಲ. ಹೇಳಿದವರು ಬದುಕಿದ್ದರೆ ಅವರ ಹೆಸರಿನ ಬದಲು 'ಈ ಮನೆಯ ಹಿರಿಯ ಮಗಳು' ಅನ್ನುವ ಹಾಗೆ ಬರೆದು, ನಿಜ ಹೆಸರನ್ನು ನಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತೇವೆ. ಡೊಮೈನ್ ವಿಷಯ ಶಿಕ್ಷಕಿಯವರಿಗೂ ಕೊಟ್ಟಾಯಿತು.

ಒಂದು ಪ್ರಶ್ನೆ ಉಳಿದಿದೆ. ಹಳೆ ಜಾತಕಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ಬರೀ ಸಂವತ್ಸರದ ಹೆಸರು ಇದೆ. ಇಸವಿ ಇಲ್ಲ. ಏನು ಮಾಡೋಣ?

ಧಾರವಾಡ ಮೇಷ್ಟ್ರು:

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕ್ರೋಧಿ ಅಂತ ಇದ್ದರೆ 1904 ಆಗಬಹುದು, 1964 ಆಗಬಹುದು. ಲಿಂಗನಮಕ್ಕಿ ಆದದ್ದೂ ಕ್ರೋಧಿಯಲ್ಲೇ ನೋಡಿ. ಮನೆಯವರನ್ನು 'ಇದು ಮುಳುಗಡೆಗೆ ಮುಂಚೆಯಾ, ಆಮೇಲಾ?' ಅಂತ ಕೇಳಿ. 'ಗಾಂಧಿ ಸತ್ತ ವರ್ಷ' ಅಂದರೆ ಸರ್ವಜಿತು, 1948ರ ಜನವರಿ. ಮಾಸ, ಪಕ್ಷ, ತಿಥಿ, ವಾರ ನಾಲ್ಕೂ ಬರೆದಿದ್ದರೆ ಹಳೆ ಪಂಚಾಂಗ ಹಿಡಿದು ಯಾವ ವರ್ಷದಲ್ಲಿ ವಾರ ಹೊಂದುತ್ತದೆ ಅಂತ ನೋಡಬಹುದು. ಆ ತನಕ ಇಸವಿಯ ಜಾಗ ಖಾಲಿ ಬಿಟ್ಟು ಸಂವತ್ಸರ ಮಾತ್ರ ಬರೆಯಿರಿ.

ತುಮರಿ ಕಡೆಯವನು:

ಹೋಗುವ ಮೊದಲು ನನಗೊಂದು ಮಾತು ತಿಳಿಸಿ. ನಮ್ಮ ಕಡೆ ಕೂಲಿ ಮಾಡಿಕೊಂಡಿದ್ದ ಮನೆಗಳವರು ಈಗ ಎಲ್ಲಿದ್ದಾರೆ ಅಂತ ನನ್ನ ದೊಡ್ಡಮ್ಮನಿಗೆ ಗೊತ್ತು. ಈಗ ಹಿನ್ನೀರಿಗೆ ಸೇತುವೆಯೂ ಆಗಿದೆ, ಲಾಂಚಿಗೆ ಕಾಯಬೇಕಿಲ್ಲ. ಭಾನುವಾರ ಬೇಡ, ಅವತ್ತು ಸಿಗಂದೂರು ದೇವಸ್ಥಾನಕ್ಕೆ ಬರುವ ವಾಹನ ಜಾಸ್ತಿ. ವಾರದ ಮಧ್ಯೆ ಬನ್ನಿ. ಶಿಕ್ಷಕಿಯವರನ್ನು ಕರೆದುಕೊಂಡು ಬನ್ನಿ, ದೊಡ್ಡಮ್ಮ ಗಂಡಸರೆದುರು ಅಷ್ಟಾಗಿ ಬಾಯಿ ಬಿಡುವುದಿಲ್ಲ.